ಸಂಗಣ್ಣ ಮಾವನ ಜೀಪು ಮತ್ತು ಅದರ ನಾಲ್ಕು ಎತ್ತುಗಳು

ಆ ದಿನ ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ, ಕುರುಗೋಡಿನ ಗುಡ್ಡದ ಏರಿನ ಬುಡದಲ್ಲಿ, ನನ್ನ ಸೋದರಮಾವ ಸಂಗಣ್ಣ ಜೀಪಿನ ಬಾನೆಟ್ಟು ಎತ್ತಿ ಎರಡನೆಯ ಎತ್ತನ್ನು ಮೂರನೆಯದರ ಜಾಗಕ್ಕೂ ಮೂರನೆಯದನ್ನು ಎರಡನೆಯದರ ಜಾಗಕ್ಕೂ ಕಟ್ಟಿದ. ಗಂಟೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಬಿ.ಎಸ್ಸಿ. ಪಾಸಾದದ್ದಕ್ಕೆ ಅಪ್ಪ ಕೊಡಿಸಿದ್ದ ಕೈಗಡಿಯಾರ. ಅದನ್ನು ನಾನು ಐದು ನಿಮಿಷಕ್ಕೊಮ್ಮೆ ನೋಡಿಕೊಳ್ಳುತ್ತಿದ್ದೆ. ಹೊತ್ತು ತಿಳಿಯಲೆಂದಲ್ಲ, ಗಡಿಯಾರ ಹತ್ತು ಜನರ ಕಣ್ಣಿಗೆ ಬೀಳಲಿ ಎಂದು.

ಎತ್ತು ಎಂದು ನಾನು ಬರೆದದ್ದು ತಪ್ಪಲ್ಲ. ಆ ಎಂಜಿನ್ನಿನಲ್ಲಿದ್ದ ನಾಲ್ಕು ಸಿಲಿಂಡರುಗಳನ್ನು ಮಾವ ಒಮ್ಮೆಯೂ ಸಿಲಿಂಡರು ಎಂದು ಕರೆದವನಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಬಲಗಾಲಿನ ವಿಷಯ ಹೇಳಿಬಿಡಬೇಕು.

ನನ್ನ ಬಲಗಾಲಿಗೆ ಒಂದು ಚಾಳಿ ಅಂಟಿಕೊಂಡಿದೆ. ಬಸ್ಸಿನಲ್ಲಿ ಕೂತಿದ್ದಾಗ ಏರು ಬಂತೆಂದರೆ ಅದು ನನ್ನನ್ನು ಕೇಳದೆ ಮುಂದಕ್ಕೆ ಚಾಚಿ ನೆಲವನ್ನು ಬಲವಾಗಿ ಒತ್ತುತ್ತದೆ. ಗಾಡಿ ನಡೆಸುವವನು ಬೇರೆ ಇದ್ದಾನೆ, ಬ್ರೇಕು ಅವನ ಕಾಲಡಿಗಿದೆ ಎಂದು ಎಷ್ಟು ತಿಳಿಹೇಳಿದರೂ ಕೇಳುವುದಿಲ್ಲ. ಮೊನ್ನೆ ಹೀಗೆಯೇ ಮುಂದಿನ ಸೀಟಿನ ಕೆಳಗೆ ಯಾರೋ ಹೆಂಗಸು ಇಟ್ಟಿದ್ದ ಟೊಮೆಟೊ ಬುಟ್ಟಿಯನ್ನು ಒತ್ತಿಬಿಟ್ಟೆ. ಆಕೆ ತಿರುಗಿ, "ಯಾಕ್ರಿ ಯಜಮಾನ್ರ, ಕಾಲಿಗೆ ಏನಾಗೈತಿ ನಿಮಗ?" ಎಂದು ಕೇಳಿದಳು. "ಜೀಪು ಆಗೈತವ್ವಾ" ಎಂದೆ. ಆಕೆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ಸರಿದು ಕೂತಳು.

ನಿಮಗಾದರೂ ಪೂರ್ತಿ ಹೇಳುತ್ತೇನೆ.

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ನಾನು ಅನಂತಪುರದಲ್ಲಿ ಭೌತಶಾಸ್ತ್ರ ಓದಿ ಮುಗಿಸಿ, ನಾಲ್ಕಾರು ಕಡೆ ಅರ್ಜಿ ಹಾಕಿ, ಉತ್ತರ ಬರುವವರೆಗೆ ಎಂದು ಸಿರುಗುಪ್ಪದ ಸೋದರಮಾವನ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ಮಾವನಿಗೆ ಹೊಳೆಯ ಕಡೆ ಗದ್ದೆ, ಈಚೆ ಎರೆಹೊಲ. ಮಕ್ಕಳಿರಲಿಲ್ಲ. ಹೆಂಡತಿ ಗೌರಮ್ಮ, ನನ್ನ ಅತ್ತೆ, ಕುರುಗೋಡಿನ ಗೌಡರ ಮಗಳು. ಆಕೆಯ ಮದುವೆಯಲ್ಲಿ ತವರಿನವರು ಒಂದು ಜೋಡಿ ಎತ್ತು ಕೊಟ್ಟಿದ್ದರು. ಆ ಎತ್ತುಗಳ ಬಗ್ಗೆ ಊರಿನವರು ಮಾತಾಡುತ್ತಿದ್ದಷ್ಟು ಗೌರವದಿಂದ ನನ್ನ ಬಿ.ಎಸ್ಸಿ. ಬಗ್ಗೆ ಯಾರೂ ಮಾತಾಡಲಿಲ್ಲ. ಅತ್ತೆ ಅವುಗಳಿಗೆ ತಾನೇ ಹತ್ತಿಕಾಳು ನೆನೆಹಾಕಿ ರುಬ್ಬಿ ಇಡುತ್ತಿದ್ದಳು. ಮಾವ ಊರಲ್ಲಿಲ್ಲದಾಗ ತಾನೇ ಬಂಡಿ ಹೂಡಿ ಹೊಲಕ್ಕೆ ಹೋಗಿಬರುತ್ತಿದ್ದಳು.

ಆ ಬೇಸಿಗೆಯಲ್ಲಿ ಅತ್ತೆ ತವರಿಗೆ ಹೋಗಿದ್ದ ಹದಿನೈದು ದಿನದಲ್ಲಿ ಮಾವ ಬಳ್ಳಾರಿಗೆ ಹೋದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಸಾಮಾನುಗಳು ಕೈಯಿಂದ ಕೈಗೆ ದಾಟುತ್ತಿದ್ದ ಕಾಲ ಅದು. ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯೊಂದರ ಅಂಗಳದಲ್ಲಿ ಒಂದು ಜೀಪು ನಿಂತಿತ್ತು. ಮಾವ ಅದರ ಸುತ್ತ ಮೂರು ಸುತ್ತು ಹಾಕಿದ. ಅದರ ದೀಪಗಳು ಮಾವನನ್ನು ನೋಡಿದವಂತೆ. "ಎರಡೂ ಕಣ್ಣು ಬಿಟಗೊಂಡು ನನ್ನ ನೋಡಿತಲೇ ಅದು, ಬಿಟ್ಟು ಬರಾಕ ಮನಸ್ಸಾಗ್ಲಿಲ್ಲ" ಎಂದು ಆಮೇಲೆ ನನಗೆ ಹೇಳಿದ. ಮನಸ್ಸಾಗದೆ ಏನು ಮಾಡಿದನೆಂದರೆ, ಅತ್ತೆಯ ಎತ್ತುಗಳನ್ನು ಮಾರಿ ಜೀಪು ತಂದ.

ಅತ್ತೆಯನ್ನು ಕರೆತರಲು ಮಾವ ಜೀಪಿನಲ್ಲೇ ಕುರುಗೋಡಿಗೆ ಹೋದ. ಜೊತೆಗೆ ನಾನು. ಗೌಡರ ಮನೆಯಿದ್ದದ್ದು ಗುಡ್ಡದ ಆಚೆಯ ತಗ್ಗಿನಲ್ಲಿ. ಬಂಡೆಗಳ ನಡುವಿನ ಕಲ್ಲುದಾರಿಯಲ್ಲಿ ಇಳಿದು ಹೋಗಬೇಕು. ಬರುವಾಗ ಅದೇ ದಾರಿಯನ್ನು ಹತ್ತಬೇಕು. ಒಳಗೆ ಹೋಗುವುದು ಸುಲಭವಾಯಿತು. ಬರುವಾಗ ಜೀಪು ನಾಲ್ಕು ಮಾರು ಏರಿ, ಮುದುಕನಂತೆ ಕೆಮ್ಮಿ, ನಿಂತುಬಿಟ್ಟಿತು. ಮೂರು ಸಲ ಪ್ರಯತ್ನಿಸಿದೆವು. ಕೊನೆಗೆ ಗೌಡರು ತಮ್ಮ ಕೊಟ್ಟಿಗೆಯಿಂದ ಎರಡು ಜೋಡಿ ಎತ್ತು ತರಿಸಿ, ಹಗ್ಗ ಕಟ್ಟಿಸಿ, ಜೀಪನ್ನು ಮೇಲಕ್ಕೆ ಎಳೆಸಿದರು. ಮಾವ ಸ್ಟೀರಿಂಗು ಹಿಡಿದು ಗಂಭೀರವಾಗಿ ಕೂತಿದ್ದ, ತಾನೇ ನಡೆಸುತ್ತಿರುವವನ ಹಾಗೆ.

ಅತ್ತೆ ಜೀಪು ಹತ್ತಲಿಲ್ಲ. ಬುಡದಲ್ಲೇ ನಿಂತು ಹೇಳಿದಳು: "ನನ್ನ ಎತ್ತು ನನ್ನ ಕೂಡಿಸಿಕೊಂಡು ಈ ಏರನ್ನ ಒಂದ ಉಸಿರಿನಾಗ ಹತ್ತುತಿದ್ವು. ನಿಮ್ಮ ಈ ತಗಡಿನ ಡಬ್ಬಿ ನನ್ನ ಹೊತಗೊಂಡು ಹತ್ತಿದ ದಿನ ಬರ್ತೀನಿ. ಇಲ್ಲಾಂದ್ರ ನನ್ನ ಎತ್ತು ತಂದು ನಿಲ್ಲಸ್ರಿ. ಎರಡೂ ಆಗಂಗಿಲ್ಲಾಂದ್ರ ನೀವು ಅಲ್ಲಿರ್ರಿ, ನಾನು ಇಲ್ಲಿರ್ತೀನಿ."

ಎತ್ತು ಕೊಂಡವನು ಅವನ್ನು ಮರಳಿ ಕೊಡಲು ಒಪ್ಪಲಿಲ್ಲ. ಯಾಕೆ ಒಪ್ಪಿಯಾನು? ಅವನಿಗೂ ಕಣ್ಣಿತ್ತು. ಹೀಗಾಗಿ ಮಾವನ ಸಂಸಾರ ಉಳಿಯಬೇಕಾದರೆ ಜೀಪಿಗೆ ಶಕ್ತಿ ಬರಬೇಕಾಯಿತು.

ಸಿರುಗುಪ್ಪದಲ್ಲಿ ಜೀಪು ಇದ್ದದ್ದು ಅದೊಂದೇ. ಅದಕ್ಕೆ ಔಷಧಿ ಹೇಳುವವರು ಮಾತ್ರ ಊರು ತುಂಬ ಇದ್ದರು. ಒಬ್ಬರು ಭಾರ ಕಡಿಮೆ ಮಾಡಿ ಎಂದರು. ಮಾವ ಮೇಲಿನ ಕ್ಯಾನ್ವಾಸು, ಹಿಂದೆ ತೂಗುಹಾಕಿದ್ದ ಹೆಚ್ಚಿನ ಚಕ್ರ, ಬಕೀಟು ಎಲ್ಲ ಬಿಚ್ಚಿಟ್ಟ. ದವಾಖಾನೆಯ ಕಾಂಪೌಂಡರು ಪೆಟ್ರೋಲಿಗೆ ನುಸಿಗುಳಿಗೆ ಹಾಕಿದರೆ ಜೋರು ಬರುತ್ತದೆ ಎಂದರು, ಹಾಕಿದೆವು. ಜೋರು ಬರಲಿಲ್ಲ, ಅಜ್ಜಿಯರ ಟ್ರಂಕಿನ ವಾಸನೆ ಬಂತು. ಪೆಟ್ರೋಲು ಆಗ ಚೀಟಿಯ ಮೇಲೆ ಸಿಗುತ್ತಿತ್ತು, ಸಾಲದೆ ಹೋದಾಗ ಮಾವ ಸೀಮೆಎಣ್ಣೆ ಬೆರೆಸುತ್ತಿದ್ದ. ಸೀಮೆಎಣ್ಣೆ, ನುಸಿಗುಳಿಗೆ ಎರಡೂ ಕೂಡಿ ಜೀಪು ಹೋದ ದಾರಿಯಲ್ಲಿ ನಾಯಿಗಳು ಸೀನುತ್ತಿದ್ದವು.

ನಾನು ಸುಮ್ಮನಿರಲಿಲ್ಲ. ಒಂದು ನೋಟ್‌ಬುಕ್ಕು ತೆಗೆದುಕೊಂಡು, ಏರಿನ ಕೋನ, ಗಾಡಿಯ ತೂಕ, ಅತ್ತೆಯ ತೂಕ (ಅಂದಾಜು, ಗುಟ್ಟಾಗಿ) ಎಲ್ಲ ಬರೆದು ಲೆಕ್ಕ ಹಾಕಿದೆ. ಎರಡು ದಿನದ ಮೇಲೆ ಬಂದ ಉತ್ತರದ ಪ್ರಕಾರ ಜೀಪು ಆ ಏರನ್ನು ಆಗಲೇ ಹತ್ತಿರಬೇಕಾಗಿತ್ತು. ಮಾವ ನೋಟ್‌ಬುಕ್ಕನ್ನು ತಿರುಗಿಸಿ ಮುರುಗಿಸಿ ನೋಡಿ, "ಲೇ, ಇದನ್ನ ಜೀಪಿಗೆ ಓದಿ ಹೇಳು" ಎಂದ.

ಕೊನೆಗೆ ಬಳ್ಳಾರಿಯ ಕೌಲ್ ಬಜಾರಿಗೆ ಹೋದೆವು. ಅಲ್ಲಿ ಮಸ್ತಾನ್ ಸಾಬರು ಎಂಬ ಮೇಸ್ತ್ರಿಯಿದ್ದರು. ಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡಿದವರು. ಬೇವಿನ ಮರದ ಕೆಳಗೆ ಕೂತು ಬೀಡಿ ಸೇದುತ್ತಿದ್ದ ಅವರು ಜೀಪು ಓಣಿಯ ತಿರುವಿನಲ್ಲಿ ಬರುತ್ತಿರುವಾಗಲೇ, "ಇದಕ ಉಸಿರ ಬರವಲ್ದು, ಮಾಲಕ್" ಎಂದರು.

ಬಾನೆಟ್ಟು ತೆಗೆದು, ಗಾಳಿ ಹೋಗುವ ಡಬ್ಬಿಯನ್ನು ಬಿಚ್ಚಿದರು. ಒಳಗಿನಿಂದ ಹತ್ತಿ ಬಂತು. ಎಳೆದಷ್ಟೂ ಬಂತು. ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ನಿಂತಿದ್ದಷ್ಟು ಕಾಲವೂ ಜೀಪು ಹಾರುವ ಹತ್ತಿಯನ್ನು ಕುಡಿದಿತ್ತು. ಒಂದು ತಲೆದಿಂಬಿಗೆ ಆಗುವಷ್ಟನ್ನು ಮಸ್ತಾನ್ ಸಾಬರು ಪಕ್ಕಕ್ಕೆ ಹಾಕಿದರು. "ಮೂಗಿನಾಗ ಹತ್ತಿ ಇಟಗೊಂಡು ಯಾರ್ ಗುಡ್ಡ ಹತ್ತತಾರ್ರಿ?" ಎಂದರು. ನಮ್ಮ ಕಡೆ ಮೂಗಿಗೆ ಹತ್ತಿ ಯಾವಾಗ ಇಡುತ್ತಾರೆಂಬುದು ನೆನಪಾಗಿ ಮಾವ ಮುಖ ಸಣ್ಣದು ಮಾಡಿಕೊಂಡ.

ಆಮೇಲೆ ಅವರು ಎಂಜಿನ್ನು ಚಾಲೂ ಮಾಡಿ, ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗನ್ನು ಮುಟ್ಟಿ ಸುಮ್ಮನಾಗಿಸುತ್ತಾ ಹೋದರು. ಒಂದನೆಯದನ್ನು ನಿಲ್ಲಿಸಿದಾಗ ಎಂಜಿನ್ನು ಕುಸಿಯಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ನಿಲ್ಲಿಸಿದರೆ ಏನೂ ಆಗಲಿಲ್ಲ. "ಇದು ಕೆಲಸ ಮಾಡವಲ್ದು. ಬರೇ ಮೂರು ಎಳಿಯಾಕತ್ತಾವು" ಎಂದರು.

ಮಾವನ ಮುಖದಲ್ಲಿ ಬೆಳಕು ಮೂಡಿದ್ದನ್ನು ನಾನು ನೋಡಿದೆ. ಅಲ್ಲಿಯವರೆಗೆ ಎಂಜಿನ್ನು ಅವನಿಗೆ ಅರ್ಥವಾಗದ ಕಬ್ಬಿಣದ ಮುದ್ದೆಯಾಗಿತ್ತು. ಈಗ ಅದು ಕೊಟ್ಟಿಗೆಯಾಯಿತು. "ಅಂದ್ರ ನಾಲ್ಕು ಎತ್ತು ಹೂಡ್ಯಾರ, ಒಂದು ಮೈಗಳ್ಳ!" ಎಂದು ಕೂಗಿದ. ಸಾಬರು ನಕ್ಕು ಹೂಂಗುಟ್ಟಿದರು. ಅವರು ಹೂಂಗುಟ್ಟಬಾರದಾಗಿತ್ತು.

ಮೂರು ದಿನ ಅವರು ದುಡಿದರು. ವಾಲ್ವುಗಳನ್ನು ತಿಕ್ಕಿ ಕೂಡಿಸಿದರು, ಮಸಿ ಕೆರೆದರು, ಹೊಸ ಪ್ಲಗ್ಗು ಹಾಕಿದರು, ಸೀಮೆಎಣ್ಣೆ ಮುಟ್ಟಬೇಡಿ ಎಂದು ಆಣೆ ಹಾಕಿಸಿಕೊಂಡರು. ಜೀಪಿನ ದನಿಯೇ ಬದಲಾಯಿತು. ಹೊರಡುವ ಹೊತ್ತಿಗೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ದೊಡ್ಡ ಗೇರಿನ ಪಕ್ಕದಲ್ಲಿದ್ದ ಎರಡು ಸಣ್ಣ ಹಿಡಿಕೆಗಳನ್ನು ತೋರಿಸಿ ಏನೋ ವಿವರಿಸತೊಡಗಿದರು. "ತಮ್ಮಾ, ನೀ ಓದಿದಾಂವ, ನೆನಪಿಟಗೋ" ಎಂದದ್ದು ಕೇಳಿಸಿತು. ಅದರ ನಂತರದ್ದು ಕೇಳಿಸಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾನು ಅವರಿಗೆ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವನ್ನು ವಿವರಿಸತೊಡಗಿದ್ದೆ. ಅವರು ಬಹಳ ಸಭ್ಯರು. ನಾನು ಮುಗಿಸುವವರೆಗೆ ಕೇಳಿ, ಬೀಡಿ ಹಚ್ಚಿಕೊಂಡು ಒಳಗೆ ಹೋದರು.

ಆ ಸಣ್ಣ ಹಿಡಿಕೆಗಳ ಬಗ್ಗೆ ಮಾವನ ತಿಳುವಳಿಕೆ ಸ್ಪಷ್ಟವಾಗಿತ್ತು: "ಅವು ಯುದ್ಧಕ್ಕ ಇಟ್ಟಿದ್ದು. ನಮಗ ಯಾಕ?" ಅವನ್ನು ಅವನು ಬುತ್ತಿಯ ಚೀಲ ತೂಗುಹಾಕಲು ಬಳಸುತ್ತಿದ್ದ. ಎತ್ತರ ಅದಕ್ಕೆ ಹೇಳಿಮಾಡಿಸಿದಂತಿತ್ತು.

ಈಗ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಬರೋಣ.

ಏರಿನ ಬುಡದಲ್ಲಿ ಜೀಪು ನಿಂತಿತ್ತು. ಹಿಂದೆ ಅತ್ತೆ, ಆಕೆಯ ಟ್ರಂಕು, ಒಂದು ಚೀಲ ಜೋಳ, ಮತ್ತು ತವರಿನವರು ಹೊಸದಾಗಿ ಕಡೆಸಿಕೊಟ್ಟ ಬೀಸುವ ಕಲ್ಲಿನ ಎರಡು ಹೋಳು. ಕಲ್ಲನ್ನು ಬೇಕೆಂದೇ ಹೇರಿಸಿದ್ದಳೆಂದು ನನ್ನ ಗುಮಾನಿ. ಮಾವ ಸ್ಟೀರಿಂಗಿನ ಮುಂದೆ, ಪಕ್ಕದಲ್ಲಿ ಗಡಿಯಾರ ಸಮೇತ ನಾನು. ನೋಡಲು ಅರ್ಧ ಊರು ಬಂಡೆಗಳ ಮೇಲೆ ಹತ್ತಿ ಕೂತಿತ್ತು. ನಮ್ಮ ಹಿಂದೆ, ದಾರಿ ತಿರುಗುವಲ್ಲಿ, ಒಂದು ಕಟ್ಟೆಯಿಲ್ಲದ ಹಳೆಯ ಬಾವಿ. ಅದನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾವು ಹೋಗಬೇಕಾದದ್ದು ಮುಂದಕ್ಕಲ್ಲವೇ?

ಎಂಜಿನ್ನು ಚಾಲೂ ಆಯಿತು. ಗೌಡರು ಕೈಕಟ್ಟಿ ನಿಂತು ತಲೆ ವಾಲಿಸಿ ಕೇಳಿದರು. ಅವರು ಜೀವಮಾನದಲ್ಲಿ ಎಂಜಿನ್ನು ಮುಟ್ಟಿದವರಲ್ಲ, ಆದರೆ ಅವರ ಕಿವಿ ಎತ್ತಿನವರ ಕಿವಿ. "ಅಳಿಯಂದ್ರ, ಒಂದು ಸಣ್ಣಗ ಕುಂಟಾಕತ್ತೈತಿ ನೋಡ್ರಿ" ಎಂದರು.

ನಿಜವಿರಬಹುದು. ಇಪ್ಪತ್ತು ಮೈಲಿಯ ಧೂಳಿಗೆ ಏನಾದರೂ ಆಗಿರಬಹುದು. ಮಾವ, "ಅದು ಆ ಮೂರನೇದು, ಮೈಗಳ್ಳ" ಎಂದ.

"ಹಂಗಾರ ಜಾಗ ಬದ್ಲು ಮಾಡ್ರಿ. ಎಡಕ್ಕ ಇದ್ದದ್ದನ್ನ ಬಲಕ್ಕ ಕಟ್ಟಿದ್ರ ಎರಡು ದಿನ ಬುದ್ಧಿ ಬಂದು ಎಳಿತೈತಿ."

ನೊಗದಲ್ಲಿ ಜಗ್ಗದ ಎತ್ತಿಗೆ ನಮ್ಮ ಕಡೆ ಮಾಡುವ ಮೊದಲ ಉಪಾಯ ಅದು. ಮಾವ ಬಾನೆಟ್ಟು ಎತ್ತಿದ. ಪ್ಲಗ್ಗುಗಳಿಗೆ ಹೋಗುವ ತಂತಿಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಕಿತ್ತು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ. "ಲೇ ಬಿ.ಎಸ್ಸಿ., ಬದ್ಲು ಮಾಡಿದ್ರ ಏನಾರ ಆಗತೈತೇನು?"

ಆ ನಾಲ್ಕು ಸಿಲಿಂಡರುಗಳು ಒಂದು ಕ್ರಮದಲ್ಲಿ ಉರಿಯುತ್ತವೆ, ಆ ಕ್ರಮ ತಪ್ಪಬಾರದು ಎಂದು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅರ್ಧ ಊರು ನನ್ನನ್ನೇ ನೋಡುತ್ತಿತ್ತು. ಓದಿದ್ದಕ್ಕೂ ಮಾವನ ಕೈಯಲ್ಲಿದ್ದ ತಂತಿಗಳಿಗೂ ಏನು ಸಂಬಂಧ ಎಂಬುದು ಹೊಳೆಯಲಿಲ್ಲ, ಗೊತ್ತಿಲ್ಲ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಗಡಿಯಾರ ನೋಡಿಕೊಂಡು ಹೇಳಿದೆ: "ತತ್ತ್ವದ ಪ್ರಕಾರ ನಾಲ್ಕೂ ಸಮಾನ."

ಮಾವ ಕಟ್ಟಿದ.

ಮತ್ತೆ ಚಾಲೂ ಮಾಡಿದಾಗ ಜೀಪು ಒಮ್ಮೆ ಢಮ್ಮೆಂದಿತು. ಬಂಡೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಇಡೀ ಗಾಡಿ ಗಡಗಡ ನಡುಗತೊಡಗಿತು. "ನೋಡ್ರಿ, ಹ್ಯಾಂಗ ಗುಟುರು ಹಾಕಾಕತ್ತೈತಿ! ಜೀವ ಬಂತು!" ಎಂದು ಮಾವ ಕೂಗಿ, ದಾರಿಗೆ ಬಿಟ್ಟ. ಮೊದಲಿನ ಓಟಕ್ಕೆ ಅರ್ಧ ಏರು ಹತ್ತಿದೆವು. ಢಮ್, ಢಮ್ ಎನ್ನುತ್ತಾ, ಬಾನೆಟ್ಟಿನ ಸಂದಿಯಿಂದ ಬೆಂಕಿಯ ನಾಲಿಗೆ ಚಾಚುತ್ತಾ ಹತ್ತಿದೆವು. ಆಮೇಲೆ ಜೀಪಿಗೆ ದಣಿವಾಯಿತು. ಒಮ್ಮೆ ಉಸಿರೆಳೆದು ನಿಂತಿತು.

ಇಲ್ಲಿ ನಾನು ನಿಧಾನಿಸಬೇಕು. ಈ ಒಂದು ಕ್ಷಣವನ್ನು ನಾನು ಸಾವಿರ ಸಲ ತಿರುಗಿಸಿ ನೋಡಿದ್ದೇನೆ. ಜೀಪು ನಿಂತಿತು. ಎಂಜಿನ್ನು ಆರಿತು. ಆದರೆ ಗಾಡಿ ಗೇರಿನಲ್ಲಿತ್ತು. ಅದು ಹಿಂದಕ್ಕೆ ಹೋಗಲಿಲ್ಲ. ನಿಂತೇ ಇತ್ತು. ಎಲ್ಲರೂ ಉಸಿರು ಬಿಗಿಹಿಡಿದು ಸುಮ್ಮನೆ ಕೂತಿದ್ದರೆ ಸಂಜೆಯವರೆಗೂ ಹಾಗೆಯೇ ನಿಂತಿರುತ್ತಿತ್ತು.

ನಾನು ಸುಮ್ಮನೆ ಕೂಡಲಿಲ್ಲ. ಏನಾದರೂ ಮಾಡಬೇಕೆನ್ನಿಸಿತು. ಕೈಬ್ರೇಕು ಎಳೆಯಬೇಕೆಂದು ಕೈ ಚಾಚಿ, ಕೈಗೆ ಮೊದಲು ಸಿಕ್ಕ ಹಿಡಿಕೆಯನ್ನು ಪೂರಾ ಬಲದಿಂದ ಎಳೆದೆ. ಬುತ್ತಿಯ ಚೀಲ ನನ್ನ ತೊಡೆಯ ಮೇಲೆ ಬಿತ್ತು. ಆ ಹಿಡಿಕೆ ಅರ್ಧಕ್ಕೆ ಬಂದು ಕೂತಿತು. ಜೀಪು ಹಿಂದಕ್ಕೆ ಹೊರಟಿತು.

ಮೊದಲು ಮೆಲ್ಲಗೆ, ಯಾರೋ ಕರೆದರು ಎಂಬಂತೆ. ಬಂಡೆಯ ಮೇಲೆ, ರೂಪನಗುಡಿಯಿಂದ ಇದನ್ನೇ ನೋಡಲು ಬಂದಿದ್ದ ರೈತನೊಬ್ಬ ತೆಲುಗಿನಲ್ಲಿ, "ಅಯ್ಯಯ್ಯೋ, ಬಂಡಿ ಎನಕ್ಕಿ ಪೋತಾಂದಿ!" ಎಂದು ಕೂಗಿದ. ಹಿಂದಕ್ಕೆ ಹೋಗುತ್ತಿದೆ ಎಂದು ನಮಗೆ ಹೇಳಬೇಕಾಗಿರಲಿಲ್ಲ. ಮಾವ ಬ್ರೇಕು ಒತ್ತಲಿಲ್ಲ. ಇಪ್ಪತ್ತೈದು ವರ್ಷ ಬಂಡಿ ಹೊಡೆದ ಕೈ ಅದು: ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಹಗ್ಗ ಜಗ್ಗಿದಂತೆ ಎದೆಗೆ ಜಗ್ಗುತ್ತಾ, ಕಾಲುಗಳನ್ನು ನೆಟ್ಟಗೆ ಚಾಚಿ, "ಹೋ! ಹೋ! ಹೋ ನನಪ್ಪಾ!" ಎಂದು ಜೀಪಿಗೆ ಹೇಳುತ್ತಿದ್ದ. ನಾನು ಅವನ ಬಲಗಾಲನ್ನೇ ನೋಡುತ್ತಾ, ನನ್ನ ಬಲಗಾಲಿನಿಂದ ತಗಡಿನ ನೆಲವನ್ನು ಒತ್ತುತ್ತಾ ಇದ್ದೆ. ಬಾವಿಯ ಬಾಯಿ ಕಣ್ಣಿನ ಅಂಚಿನಲ್ಲಿ ದೊಡ್ಡದಾಗುತ್ತಿತ್ತು.

ಏರಿನಲ್ಲಿ ಬಂಡಿ ಹಿಂದೆ ಸರಿದರೆ ಗಾಲಿಗೆ ಕಲ್ಲು ಕೊಡಬೇಕೆಂಬುದು ಗೌಡರ ಮನೆಯ ಕೂಸಿಗೂ ಗೊತ್ತಿದ್ದ ವಿದ್ಯೆ. ಅತ್ತೆ ಕೂಗಲಿಲ್ಲ, ಅಳಲಿಲ್ಲ. ಬೀಸುವ ಕಲ್ಲಿನ ಮೇಲಿನ ಹೋಳನ್ನು ಎತ್ತಿ ಹಿಂದಿನ ಗಾಲಿಯ ಕೆಳಗೆ ಎಸೆದಳು. ಅದು ದುಂಡಗಿತ್ತು, ಗಾಲಿಗೆ ಸಿಗದೆ ಪುಟಿದು, ನಮಗಿಂತ ಮುಂಚೆ ಇಳಿಜಾರಿನಲ್ಲಿ ಉರುಳಿ, ಬಾವಿಗೆ ಬಿತ್ತು. ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಬೀಳುವ ವಸ್ತು ತೆಗೆದುಕೊಳ್ಳುವ ಹೊತ್ತಿನಿಂದ ಬಾವಿಯ ಆಳ ಕಂಡುಹಿಡಿಯುವ ಸೂತ್ರ ನನಗೆ ಆ ಕ್ಷಣದಲ್ಲೇ ನೆನಪಾಗಬೇಕೇ? ಉತ್ತರವೂ ಬಂತು. ಜೀವನದಲ್ಲಿ ನಾನು ಹಾಕಿದ ಲೆಕ್ಕಗಳಲ್ಲಿ ಅದೊಂದು ಸರಿಯಾಗಿತ್ತು ಎಂದು ತೋರುತ್ತದೆ.

ಅತ್ತೆ ಎರಡನೆಯ ಹೋಳನ್ನು ಎಸೆಯಲಿಲ್ಲ. ಅದನ್ನು ಹೊಟ್ಟೆಗೆ ಅವುಚಿಕೊಂಡು ಹಿಂದಿನಿಂದ ಕೆಳಗೆ ಧುಮುಕಿ, ಗಾಲಿಯ ದಾರಿಯಲ್ಲಿ ಕೂಡಿಸಿ, ಕೈ ಎಳೆದುಕೊಂಡಳು. ಗಾಲಿ ಬಂದು ಕಲ್ಲಿನ ಮೇಲೆ ಅರ್ಧ ಹತ್ತಿತು. ಯೋಚಿಸಿತು. ಇಳಿದು ನಿಂತಿತು.

ಬಾವಿಗೂ ಜೀಪಿಗೂ ನಡುವೆ ಒಂದು ಮಾರು. ಆ ಒಂದು ಮಾರಿನಲ್ಲಿ ಅತ್ತೆ ನಿಂತಿದ್ದಳು.

ಮಾವ ಮಾತ್ರ ಸ್ಟೀರಿಂಗು ಜಗ್ಗುತ್ತಾ "ಹೋ, ಹೋ" ಎನ್ನುತ್ತಲೇ ಇದ್ದ. ಗೌಡರು ಬಂದು ಅವನ ಹೆಗಲ ಮೇಲೆ ಕೈಯಿಟ್ಟು, "ನಿಂತೈತಿ ಬಿಡ್ರಿ ಅಳಿಯಂದ್ರ, ಇಳೀರಿ" ಎಂದರು. ಅತ್ತೆ ಸೀರೆಯ ಧೂಳು ಕೊಡವಿಕೊಂಡು, "ಬೀಸೋ ಕಲ್ಲಿನ ಜೋಡಿ ಮುರಿದ್ರಿ" ಎಂದಳು. ಮನೆಗೆ ಹೋಗಿ ಬಾಗಿಲ ಹಿಂದೆ ಕೂತು ಬಹಳ ಹೊತ್ತು ಅತ್ತಳಂತೆ. ಅದು ನನಗೆ ಆಮೇಲೆ ತಿಳಿಯಿತು.

ಜೀಪನ್ನು ಸರಪಣಿಯಿಂದ ಬಂಡೆಗೆ ಬಿಗಿದು ಮಸ್ತಾನ್ ಸಾಬರಿಗೆ ಹೇಳಿಕಳಿಸಿದೆವು. ಮೂರನೆಯ ದಿನ ಅವರು ಬಂದರು. ಬಾನೆಟ್ಟು ತೆಗೆದು ತಂತಿಗಳನ್ನು ನೋಡಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. "ಯಾ ಅಲ್ಲಾ! ಇದನ್ನ ಯಾರ್ ಮಾಡಿದ್ರು?"

"ನಾನ ಮಾಡಿದ್ದು" ಎಂದ ಮಾವ.

ಅವರು ತಂತಿಗಳನ್ನು ಸರಿಮಾಡಿ, ಆಸನದ ಕಡೆ ಬಂದು, ಅರ್ಧಕ್ಕೆ ಬಂದು ಕೂತಿದ್ದ ಸಣ್ಣ ಹಿಡಿಕೆಯನ್ನು ನೋಡಿದರು. "ತಂತಿ ಬದ್ಲಾದ್ರ ಗಾಡಿ ನಿಲ್ಲತೈತಿ ಮಾಲಕ್, ಹಿಂದಕ್ಕ ಬರಂಗಿಲ್ಲ. ಗೇರಿನಾಗ ಇತ್ತಲ್ಲ. ಇದನ್ನ ಯಾರೋ ಎಳದು ಅರ್ಧಕ್ಕ ಬಿಟ್ಟಾರ, ಗೇರಿನ ಹಿಡಿತ ತಪ್ಪಿ ಗಾಲಿ ಬಿಟಗೊಂಡು ಬಂದೈತಿ." ಅವರ ದೃಷ್ಟಿ ನನ್ನ ಮೇಲೆ ಬಂತು. ನಾನು ಗಡಿಯಾರ ನೋಡಿಕೊಂಡೆ.

"ಎಲ್ಲಾ ನಾನ ಮಾಡಿದ್ದು, ಬಿಡ್ರಿ ಸಾಬ್ರ. ಹೆಂಡ್ತೀನ್ನ ಬಾವಿಗೆ ಹಾಕತಿದ್ದೆ" ಎಂದ ಮಾವ.

ಮಸ್ತಾನ್ ಸಾಬರು ಆ ಎರಡೂ ಸಣ್ಣ ಹಿಡಿಕೆಗಳನ್ನು ಒಂದಾದ ಮೇಲೊಂದು ಪೂರ್ತಿ ಎಳೆದರು. "ದಮ್ ಎಂಜಿನ್‌ನಾಗ ಹೆಚ್ಚು ಮಾಡಾಕ ಆಗಂಗಿಲ್ಲ. ಇಷ್ಟ ದಮ್‌ನ್ಯಾಗ ಸಾವಕಾಶ ಹೋಗೋದು ಐತಿ. ಈ ಹಿಡಿಕಿ ಮುಂದಿನ ಗಾಲೀನ್ನೂ ದುಡಿಸ್ತೈತಿ, ಈ ಹಿಡಿಕಿ ಸಾವಕಾಶ ಮಾಡತೈತಿ. ಈ ತಮ್ಮಗ ಅವತ್ತ ಹೇಳಿದ್ದೆ." ಮತ್ತೆ ನನ್ನ ಕಡೆ ನೋಡಿದರು. ಮತ್ತೆ ಗಡಿಯಾರ.

ಅವರು ಸ್ಟೀರಿಂಗು ಹಿಡಿದರು. ಜೀಪು ಟ್ರಂಕು, ಜೋಳ, ಉಳಿದ ಅರ್ಧ ಕಲ್ಲು ಎಲ್ಲ ಹೊತ್ತು, ಬಸುರಿ ಎಮ್ಮೆಯ ನಡಿಗೆಯಲ್ಲಿ, ಒಮ್ಮೆಯೂ ಉಸಿರು ಮುರಿಯದೆ ಏರು ಹತ್ತಿತು. ಅತ್ತೆ ಪಕ್ಕದಲ್ಲಿ ನಡೆದುಕೊಂಡು ಬಂದಳು; ಅರ್ಧ ದಾರಿಯಲ್ಲಿ ಹಿಂದಿನಿಂದ ಹತ್ತಿ ಕೂತಳು. ಮೇಲೆ ಬಂದಾಗ ಮಾವ ಕೇಳುವ ಮುಂಚೆ ಆಕೆಯೇ ಹೇಳಿದಳು: "ಹತ್ತಿತು, ಖರ್ರೆ. ಬರ್ತೀನಿ. ಆದರ ಮೂರು ದಿನ ಆತು, ಕಣ್ಣು ಮುಚ್ಚಿದ್ರ ಆ ಬಾವಿ ಬಾಯಿ ತಕ್ಕೊಂಡು ಬರ್ತೈತಿ. ಅಮಾಸಿ ತನಕ ನೋಡ್ತೀನಿ. ಸಿರಗುಪ್ಪಿ ಮನ್ಯಾಗ ಒಂದು ರಾತ್ರಿ ಪೂರಾ ನಿದ್ದಿ ಬಂದ್ರ ಇರ್ತೀನಿ. ಬರಲಿಲ್ಲಾಂದ್ರ ಬಸ್ಸಿಗೆ ಇಲ್ಲಿಗೆ ಬರ್ತೀನಿ. ನಿದ್ದಿ ಇಲ್ಲದ ಮನ್ಯಾಗ ಬಾಳೇವು ಆಗಂಗಿಲ್ಲ."

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು.

ಆ ಒಂಬತ್ತು ದಿನ ಸಿರುಗುಪ್ಪದ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಮಾವ ಮಲಗಿದ ಸ್ವಲ್ಪ ಹೊತ್ತಿಗೆ "ಹೋ, ಹೋ" ಎಂದು ಕೂಗಿ ಗೋಡೆಗೆ ಒದೆಯುತ್ತಿದ್ದ. ಅದಕ್ಕೆ ಅತ್ತೆ ಎದ್ದು ಕೂರುತ್ತಿದ್ದಳು. ಪಡಸಾಲೆಯಲ್ಲಿ ನನಗೆ ಹಾಸಿಗೆ ಹಿಂದಕ್ಕೆ ಹೊರಟಂತಾಗಿ ಚೀರುತ್ತಿದ್ದೆ. ಅದಕ್ಕೆ ಮಾವ ಎಚ್ಚರಾಗುತ್ತಿದ್ದ. ಗೋಡೆಯ ಗಾರೆ ಉದುರಿ ಒದೆಯುವ ಜಾಗದಲ್ಲಿ ತಟ್ಟೆಯಷ್ಟು ಗುಳಿ ಬಿತ್ತು. ಹಗಲು ಮೂವರೂ ಕೆಂಪು ಕಣ್ಣು ಮಾಡಿಕೊಂಡು ತೂಕಡಿಸುತ್ತಿದ್ದೆವು. ಒಂದು ದಿನ ಅತ್ತೆ ಸಾರಿಗೆ ಉಪ್ಪು ಎರಡು ಸಲ ಹಾಕಿದಳು. ನಾವಿಬ್ಬರೂ ತುಟಿ ಬಿಚ್ಚದೆ ಉಂಡೆವು. ಮಾವ ಜೀಪನ್ನು ಮುಟ್ಟಲಿಲ್ಲ. ಅದರ ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು, ಮೇಲೆ ಜೋಳದ ಸೊಪ್ಪೆ ಹೊದಿಸಿಬಿಟ್ಟಿದ್ದ. "ನನ್ನ ಕೈಯಾಗ ಕೊಡಬಾರದಿತ್ತು ಇದನ್ನ" ಎಂದು ಒಮ್ಮೆ ನನ್ನೊಡನೆ ಹೇಳಿದ. ಆಗಲಾದರೂ ನಾನು ಹೇಳಬಹುದಾಗಿತ್ತು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಅತ್ತೆಯ ಟ್ರಂಕು ಪಡಸಾಲೆಗೆ ಬಂತು. ಮಾವ ಅದನ್ನು ನೋಡಿ ಹಿತ್ತಲಿಗೆ ಹೋದ. ಬಸ್ಸು ಬರುವುದು ಸಂಜೆಗೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಲಿಗಳ ಕಲ್ಲು ಸರಿಸಿ, ಜೀಪಿನ ಮೇಲಿನ ಸೊಪ್ಪೆ ತೆಗೆದಳು. ಸ್ಟೀರಿಂಗಿನ ಮುಂದೆ ಹೋಗಿ ಕೂತಳು. "ತಮ್ಮಾ, ಬಾ ಇಲ್ಲಿ. ಬ್ರೇಕ್ ಯಾವುದು, ತೋರ್ಸು."

"ಏ ಗೌರಿ, ಏನ್ ಮಾಡಾಕತ್ತಿ?" ಎಂದು ಮಾವ ಓಡಿಬಂದ.

"ನೀವು ಹಿಂದ ಕೂಡ್ರಿ. ಅವತ್ತ ನಾ ಕುಂತಿದ್ನಲ್ಲ, ಅಲ್ಲಿ."

ಮಾವ ಕೂತ. ಸಣ್ಣ ಹಿಡಿಕೆ ಎರಡೂ ಎಳೆದು, ಮಸ್ತಾನ್ ಸಾಬರು ತೋರಿಸಿದ ಹಾಗೆ ಜೀಪನ್ನು ಬಿಟ್ಟರೆ ಅದು ನಡೆಯುವವರಿಗಿಂತ ಜೋರಾಗಿ ಹೋಗುವುದಿಲ್ಲ. ಬಂಡಿ ಹೊಡೆದವಳಿಗೆ ದಾರಿ ಹಿಡಿಯುವುದು ಕಲಿಸಬೇಕಾಗಿರಲಿಲ್ಲ. ನಾವು ಊರಾಚೆ ಹೊಳೆಗೆ ಇಳಿಯುವ ಇಳಿಜಾರಿಗೆ ಬಂದೆವು. ಅರ್ಧ ಇಳಿದು, ತಿರುಗಿಸಿಕೊಂಡು, ಅರ್ಧ ಏರಿ, ಅತ್ತೆ ಎಂಜಿನ್ನು ನಿಲ್ಲಿಸಿದಳು. ಜೀಪು ಏರಿನಲ್ಲಿ ನಿಂತಿತು. ಹಿಂದೆ, ಕೆಳಗೆ, ಹೊಳೆ.

"ತಮ್ಮಾ, ಅವತ್ತ ಏನ್ ಎಳದಿ?"

ನಾನು ಗಡಿಯಾರ ನೋಡಿಕೊಂಡೆ.

"ಹಿಂದ ಕುಂತಿದ್ದೆ ನಾನು. ಬುತ್ತಿ ಚೀಲ ಬಿದ್ದದ್ದು ನೋಡೀನಿ. ಹೇಳಲಿ, ಹೇಳಲಿ ಅಂತ ಹನ್ನೆರಡು ದಿನ ಕಾದೀನಿ. ಈಗ ಹೇಳ್ತಿಯೋ, ಅದನ್ನ ಇನ್ನೊಮ್ಮೆ ಎಳೀಲೋ?"

"ಇದು, ಅತ್ತಿ" ಎಂದು ಹಿಡಿಕೆಯನ್ನು ಮುಟ್ಟಿ ತೋರಿಸಿದೆ. "ಕೈಬ್ರೇಕು ಅಂತ ಎಳದೆ. ತಂತಿ ಬದ್ಲು ಮಾಡಾಕೂ ನಾನ ಹೂಂ ಅಂದೆ. ನನಗ ಏನೂ ಗೊತ್ತಿರಲಿಲ್ಲ, ಮಾವಾ."

ಹಿಂದಿನಿಂದ ಮಾವ ಶುರುಮಾಡಿದ. ನನ್ನ ಅಪ್ಪನಿಂದ ತೊಡಗಿ, ಅನಂತಪುರದ ಕಾಲೇಜು, ಅದರ ಮಾಸ್ತರರು, ನನ್ನ ಗಡಿಯಾರ, ಗಡಿಯಾರ ಕಟ್ಟಿದ ಕೈ, ಯಾವುದನ್ನೂ ಬಿಡಲಿಲ್ಲ. ತನ್ನ ಸ್ವಂತ ಸೋದರಳಿಯನನ್ನು ಒಬ್ಬ ಮನುಷ್ಯ ಅಷ್ಟು ತೃಪ್ತಿಯಿಂದ ಬೈಯ್ದದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಬೈಯುತ್ತಾ ಬೈಯುತ್ತಾ ಅವನ ದನಿ ಹನ್ನೆರಡು ದಿನದ ಹಿಂದಿನ ದನಿಯಾಯಿತು. "ನಾ ಇಲ್ಲಿ ಹೆಂಡ್ತಿ ಮುಖ ನೋಡಾಕ ಆಗದ ಗ್ವಾಡಿಗೆ ಒದಿಯಾಕತ್ತೀನಿ, ನೀ ಪಡಸಾಲ್ಯಾಗ ಕುಂತು ತತ್ತ್ವ ಮೇಯಾಕತ್ತಿಯೇನಲೇ?"

"ಆತಿಲ್ಲೋ? ಈಗ ಗಟ್ಟಿ ಹಿಡಕೋರ್ರಿ" ಎಂದಳು ಅತ್ತೆ, ಮತ್ತು ಅದೇ ಹಿಡಿಕೆಯನ್ನು ಅರ್ಧಕ್ಕೆ ತಂದು, ಬೇಕೆಂದೇ ಜೀಪನ್ನು ಹಿಂದಕ್ಕೆ ಬಿಟ್ಟಳು.

ನಾನೂ ಮಾವನೂ ಒಟ್ಟಿಗೆ ಚೀರಿದೆವು. ಒಂದು ಮಾರು ಸರಿಯುವಷ್ಟರಲ್ಲಿ ಅತ್ತೆ ಬ್ರೇಕು ಒತ್ತಿದಳು. ನಿಂತಿತು. ಮತ್ತೆ ಬಿಟ್ಟಳು. ಮತ್ತೆ ಒತ್ತಿದಳು. ಎರಡು ಮಾರು, ಮೂರು ಮಾರು. ಎಂಟನೆಯ ಸಲಕ್ಕೆ ನಾವು ಚೀರುವುದನ್ನು ಬಿಟ್ಟೆವು. ಹತ್ತನೆಯ ಸಲಕ್ಕೆ ಮಾವ, "ನಾ ಒಮ್ಮೆ ಒತ್ತತೀನಿ, ಕೊಡ" ಎಂದ. ಆಕೆ ಸರಿದು ಜಾಗ ಕೊಟ್ಟಳು. ಅವನು ಕಾಲಿಟ್ಟು ಒತ್ತಿ, ನಿಂತದ್ದನ್ನು ನೋಡಿ, ಮತ್ತೆ ಒತ್ತಿ, ಮೂಗು ಒರೆಸಿಕೊಂಡ. ಮನೆಗೆ ಬರುವಾಗ ಅತ್ತೆಯೇ ನಡೆಸಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಕುರುಗೋಡಿನ ಬಸ್ಸು ನಿಂತಿತ್ತು. ಅದರ ಡ್ರೈವರನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ಅತ್ತೆ ಅವನಿಗೆ ದಾರಿ ಬಿಡಲು ಸನ್ನೆ ಮಾಡಿದಳು.

ಆ ದಿನ ಬುಧವಾರ. ದೀಪ ಹಚ್ಚುವ ಹೊತ್ತಿಗೆ ಉಂಡು ಮಲಗಿದವರು, ಮರುದಿನ ಬಿಸಿಲು ಪಡಸಾಲೆಗೆ ಬಂದು, ಹಾಲಿನವಳು ಬಾಗಿಲು ಬಡಿದು ಬಡಿದು ಸೋತು ನೆರೆಮನೆಯವರನ್ನು ಕರೆತರುವವರೆಗೆ, ನಾವು ಮೂವರೂ ಮಗ್ಗುಲು ಬದಲಿಸಿರಲಿಲ್ಲ.